ಸಹಾಯ ಬೇಕು: ಅಮ್ಮಂದು ಕೀಮೋ ಸುಸ್ತೋ, ಖಿನ್ನತೆಯೋ?

ಅಮ್ಮಂಗೆ ಸ್ತನ ಕ್ಯಾನ್ಸರ್, ಕೀಮೋ ನಡೀತಿದೆ. ಆಸ್ಪತ್ರೆಯಲ್ಲಿ ಪಿಎಚ್‌ಕ್ಯೂ-9 ಅನ್ನೋ, ಖಿನ್ನತೆ ಲಕ್ಷಣ ಅಳೆಯೋ ಫಾರಂ ತುಂಬಿಸಿದ್ರು, 27ಕ್ಕೆ 13 ಬಂತು. 10 ಅಥವಾ ಹೆಚ್ಚಿದ್ರೆ ಖಿನ್ನತೆ ಇದೆಯಾ ಅಂತ ಸರಿಯಾಗಿ ನೋಡಿಸಬೇಕಂತೆ. ಆದರೆ ಅಂಕ ಏರಿರೋದು ನಿದ್ದೆ, ಸುಸ್ತು, ಊಟ ಸೇರದಿರೋದರಿಂದ. ಅವೆಲ್ಲ ಕೀಮೋದಿಂದಲೂ ಆಗುತ್ತಲ್ಲ! ಡಾಕ್ಟರನ್ನ ಕೇಳಿದ್ರೆ "ಕೀಮೋ ಮುಗಿದ್ಮೇಲೆ ಸರಿಹೋಗುತ್ತೆ" ಅಂದ್ರು. ನನಗಂತೂ ಸಮಾಧಾನ ಇಲ್ಲ. ದಿನಾ ಹೂ ಕಟ್ಟಿ ದೇವರಿಗೆ ಏರಿಸ್ತಿದ್ದವರು ಈಗ ಹೂವಿನ ಬುಟ್ಟಿ ಕಡೆ ತಿರುಗಿಯೂ ನೋಡಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚಿ ಕೊಟ್ರೆ "ಏನಿಲ್ಲಪ್ಪ, ಚೆನ್ನಾಗಿದೀನಿ" ಅಂತ ಇಟ್ಟುಬಿಟ್ಟರು.

ದೇಹದ ಲಕ್ಷಣ ಬಿಟ್ಟು ಆತಂಕ, ಖಿನ್ನತೆ ಬಗ್ಗೆ ಮಾತ್ರ ಕೇಳೋ ಎಚ್‌ಎಡಿಎಸ್ ಅನ್ನೋ 14 ಪ್ರಶ್ನೆಗಳ ಫಾರಂ ಇದೆ. ಮೊದಲು ಅದನ್ನ ಮಾಡಿಸಿ ಅಂತ ಕೇಳಲಾ, ಇಲ್ಲ ಈಗಲೇ ನೇರವಾಗಿ ಮನೋವೈದ್ಯರ ಹತ್ರ ಕರ್ಕೊಂಡು ಹೋಗಲಾ?