ಕ್ರಿಸ್ಮಸ್‌ಗೆ ಮೊದಲು ಕಾಯುವ ಆಗಮನ ಕಾಲದಲ್ಲಿ ಮನಸ್ಸು ನಿಲ್ಲುತ್ತಿಲ್ಲ, ನೀವೆಲ್ಲ ಏನು ಮಾಡುತ್ತೀರಿ?

ಉಪ್ಪಳದಿಂದ ಕೇಳುತ್ತಿದ್ದೇನೆ. ಈ ಮಳೆಗಾಲದಲ್ಲಿ ನಮ್ಮ ಅತ್ತೆ ತೀರಿಕೊಂಡರು. ಗಂಡ ದುಬೈಯಲ್ಲಿದ್ದಾರೆ, ಈ ಸಲ ಕ್ರಿಸ್ಮಸ್‌ಗೆ ರಜೆ ಸಿಕ್ಕಿಲ್ಲ. ಮನೆಯಲ್ಲಿ ನಾನು ಮತ್ತು ಇಬ್ಬರು ಮಕ್ಕಳು. ಆಗಮನದ ಮೊದಲ ಭಾನುವಾರ ಕಳೆಯಿತು, ಎದುರು ಮನೆಯಲ್ಲಿ ನಕ್ಷತ್ರ ಏರಿತು, ವಾಟ್ಸಾಪ್ ತುಂಬಾ ಕೇಕ್ ಆರ್ಡರ್, ಕ್ಯಾರಲ್ ಪ್ರಾಕ್ಟೀಸು. ಇಗರ್ಜಿಯ ಪೂಜೆಗೆ ಹೋಗುತ್ತೇನೆ, ಆದರೆ ಮನಸ್ಸು ಅಲ್ಲಿ ಇರುವುದಿಲ್ಲ. ಪ್ರಾರ್ಥನೆ ಸುಮ್ನೆ ಬಾಯಿಯಿಂದ ಬರುತ್ತದೆ ಅಷ್ಟೇ. ನಿಮಗೆ ಹೀಗೆ ಆದಾಗ ಏನು ಮಾಡಿದ್ದೀರಿ? ಪುಸ್ತಕದ ಮಾತು ಬೇಡ, ಮಾಡಿ ನೋಡಿದ್ದನ್ನು ಹೇಳಿ.

ಬೇಳ ಕಡೆಯ ನಿವೃತ್ತ ಟೀಚರ್

ತಂಗೀ, ಭಾನುವಾರದ ಪೂಜೆಯಲ್ಲಿ ಒಂದು ವಿಷಯ ಗಮನಿಸಿದ್ದೀರಾ? ಈ ನಾಲ್ಕು ಭಾನುವಾರ ಗ್ಲೋರಿಯಾ ಹಾಡುವುದಿಲ್ಲ. ಅದು ಬೆತ್ಲೆಹೇಮಿನಲ್ಲಿ ಕುರುಬರಿಗೆ ಕೇಳಿಸಿದ ದೇವದೂತರ ಹಾಡು, ಹಾಗಾಗಿ ಕ್ರಿಸ್ಮಸ್ ರಾತ್ರಿಯ ಪೂಜೆಗೇ ಅಂತ ಎತ್ತಿ ಇಟ್ಟಿರುತ್ತಾರೆ. ಫಾದರ್ ಹಾಕುವುದು ನೇರಳೆ ಬಣ್ಣ, ಅಲ್ತಾರಿನಲ್ಲಿ ಹೂವು ಕಡಿಮೆ. ಇಗರ್ಜಿಯೇ ತನ್ನ ದೊಡ್ಡ ಹಾಡನ್ನು ತಡೆದು ಹಿಡಿದುಕೊಂಡು ಕಾಯುತ್ತಾ ಉಂಟು. ನಿಮ್ಮ ಮನಸ್ಸು ಹಾಡದಿದ್ದರೆ ಅದರಲ್ಲಿ ತಪ್ಪೇನಿಲ್ಲ, ಈಗ ಯಾರೂ ಹಾಡಬೇಕಾಗಿಯೇ ಇಲ್ಲ. ಪೇಟೆಯವರು ನವೆಂಬರಿನಲ್ಲೇ ಹಬ್ಬ ಶುರು ಮಾಡುತ್ತಾರೆ, ನಾವೂ ಅವರ ಹಿಂದೆ ಓಡುತ್ತೇವೆ, ಅದರಿಂದಲೇ ಅರ್ಧ ಸುಸ್ತು ಅಂತ ನನಗೆ ಅನಿಸುವುದು.

ನಮ್ಮ ಮನೆಯಲ್ಲಿ ನಾವು ಮಾಡುವುದು ಇಷ್ಟು. ಒಂದು ಸ್ಟೀಲ್ ಹರಿವಾಣ, ಅದರ ಸುತ್ತ ಗಾಳಿಮರದ ಗೆಲ್ಲು, ನಡುವೆ ನಾಲ್ಕು ಮೇಣದ ಬತ್ತಿ. ಮೂರು ನೇರಳೆ, ಒಂದು ಗುಲಾಬಿ ಬಣ್ಣದ್ದು ಇರಬೇಕು ಅಂತ ಕ್ರಮ, ಸಿಗದಿದ್ದರೆ ಬಿಳಿಯದ್ದೇ ಇಟ್ಟು ಬುಡಕ್ಕೆ ಬಣ್ಣದ ರಿಬ್ಬನ್ ಕಟ್ಟಿ. ಮೊದಲ ವಾರ ಒಂದು ಬತ್ತಿ, ಎರಡನೇ ವಾರ ಎರಡು, ಹೀಗೆ. ಗುಲಾಬಿಯದ್ದು ಮೂರನೇ ಭಾನುವಾರಕ್ಕೆ, ಅವತ್ತು ಸ್ವಲ್ಪ ಸಂತೋಷಕ್ಕೆ ಅನುಮತಿ. ತೇರ್ಸ್ (ಜಪಮಾಲೆ ಪ್ರಾರ್ಥನೆ) ಶುರು ಮಾಡುವ ಮೊದಲು ದೀಪ ಆರಿಸಿ ಬತ್ತಿ ಹಚ್ಚುತ್ತೇವೆ, ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಈ ಪದ್ಧತಿಯ ಹಿಂದೆ ಒಂದು ಕಥೆ ಉಂಟು. 1839ರಲ್ಲಿ ಜರ್ಮನಿಯ ಹಾಂಬುರ್ಗಿನಲ್ಲಿ ಯೋಹಾನ್ ಹಿನ್‌ರಿಷ್ ವಿಖೆರ್ನ್ ಅಂತ ಒಬ್ಬ ಪಾಸ್ಟರು ಬಡಮಕ್ಕಳ ಆಶ್ರಮ ನಡೆಸುತ್ತಿದ್ದರು. ಮಕ್ಕಳು ದಿನಾ ಕ್ರಿಸ್ಮಸ್ ಯಾವಾಗ, ಕ್ರಿಸ್ಮಸ್ ಯಾವಾಗ ಅಂತ ಕೇಳುತ್ತಿದ್ದರಂತೆ. ಅವರು ಒಂದು ಗಾಡಿಯ ಚಕ್ರ ತಂದು, ಭಾನುವಾರಗಳಿಗೆ ದೊಡ್ಡ ಬತ್ತಿ, ಉಳಿದ ದಿನಗಳಿಗೆ ಸಣ್ಣ ಬತ್ತಿ ಇಟ್ಟು ದಿನಕ್ಕೊಂದು ಹಚ್ಚಲು ಶುರು ಮಾಡಿದರು. ಮನೆಯವರಿಂದ ದೂರ ಇದ್ದ ಆ ಮಕ್ಕಳಿಗೆ ಕಾಯುವುದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿದ್ದು. ನಿಮ್ಮ ಮಕ್ಕಳಿಗೂ ಈ ವರ್ಷ ಅಜ್ಜಿ ಇಲ್ಲ, ಅಪ್ಪ ದೂರ. ಬತ್ತಿ ಹಚ್ಚುವ ಕೆಲಸ ಅವರಿಗೇ ಕೊಡಿ. ಅತ್ತೆಯ ಫೋಟೋ ಅಲ್ಲೇ ಪಕ್ಕದಲ್ಲಿ ಇರಲಿ, ಅದನ್ನು ಬೇರೆ ಕೋಣೆಗೆ ಒಯ್ಯಬೇಡಿ.

ಮತ್ತೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ನಮ್ಮ ಬೇಳದ ಇಗರ್ಜಿಗೆ ಬನ್ನಿ. 1890ರಷ್ಟು ಹಳೆಯದು, ಶೋಕಮಾತೆ ಮರಿಯಮ್ಮನ ಹೆಸರಿನದ್ದು. ವಾರದ ದಿನ ಜನ ಇರುವುದಿಲ್ಲ. ಮಗನ ಸಾವು ನೋಡಿದ ತಾಯಿಯ ಎದುರು ಕುಳಿತರೆ ಯಾವ ಪ್ರಾರ್ಥನೆಯೂ ಹೇಳಬೇಕಾಗಿಲ್ಲ, ಅಳು ಬಂದರೆ ಅತ್ತು ಬನ್ನಿ.

ಕುಂಬಳೆಯಿಂದ

ಟೀಚರ್ ಹೇಳಿದ್ದು ಸರಿಯೇ. ಆದರೆ ಸುಮ್ಮನೆ ಕೂತರೆ ನನಗೆ ಯೋಚನೆ ಜಾಸ್ತಿ ಆಗುತ್ತದೆ, ನನ್ನ ಹಾಗೆ ಇರುವವರಿಗೆ ಕೈಗೆ ಕೆಲಸ ಬೇಕು. ಅಮ್ಮ ಹೋದ ವರ್ಷ ನಮ್ಮಲ್ಲಿ ಕ್ರಿಸ್ಮಸ್ ತಿಂಡಿ ಕುಸ್ವಾರ್ ಮಾಡಲಿಲ್ಲ, ಸೂತಕದ ಮನೆ ಅಂತ ಅಕ್ಕಪಕ್ಕದವರೇ ತಂದುಕೊಟ್ಟರು. ನಾನು ಪಕ್ಕದ ಮನೆಗೆ ಹೋಗಿ ಅವರ ಕಿಡಿಯೊಗೆ, ಅಂದರೆ ಸುರುಳಿ ತಿಂಡಿಗೆ, ಕೈ ಜೋಡಿಸಿದೆ. ಫೋರ್ಕಿನ ಬೆನ್ನಿನ ಮೇಲೆ ಹಿಟ್ಟಿನ ಸಣ್ಣ ಉಂಡೆ ಇಟ್ಟು ಹೆಬ್ಬೆರಳಿನಿಂದ ಒತ್ತಿ ಸುರುಳಿ ಮಾಡುವುದು, ಮತ್ತೊಂದು, ಮತ್ತೊಂದು. ಆ ಮನೆಯ ಅಜ್ಜಿ ಒಂದು ಉಂಡೆಗೆ ಒಂದು ನಮೋ ಮರಿಯಾ ಪ್ರಾರ್ಥನೆ ಹೇಳುತ್ತಿದ್ದರು, ಗಟ್ಟಿಯಾಗಿ ಅಲ್ಲ, ತುಟಿಯಲ್ಲೇ. ನಾನೂ ಶುರು ಮಾಡಿದೆ. ಎಷ್ಟೋ ತಿಂಗಳ ಮೇಲೆ ಅವತ್ತು ಪ್ರಾರ್ಥನೆ ನನಗೆ ಭಾರ ಅನಿಸಲಿಲ್ಲ. ಹಾಗಾಗಿ ಕುಸ್ವಾರ್ ಬೇಡವೇ ಬೇಡ ಅಂತ ಹೇಳಲಾರೆ. ನಿಮ್ಮ ಮನೆಯಲ್ಲಿ ಬೇಡ, ಇನ್ನೊಬ್ಬರ ಮನೆಯಲ್ಲಿ ಮಾಡಿ.

ಮಂಜೇಶ್ವರ, ನರ್ಸ್

ಅಕ್ಕಾ, ನಾನು ಮಂಗಳೂರಿನಲ್ಲಿ ನೈಟ್ ಡ್ಯೂಟಿ ಮಾಡುವವಳು, ಡಿಸೆಂಬರಿನಲ್ಲಿ ಬೆಳಗಿನ ಪೂಜೆ, ಧ್ಯಾನಕೂಟ ಯಾವುದೂ ನನಗೆ ಸರಿಯಾಗಿ ಸಿಗುವುದಿಲ್ಲ. ಬೈಬಲ್‌ನ 130ನೇ ಕೀರ್ತನೆ ಓದಿ ನೋಡಿ, ತುಂಬಾ ಚಿಕ್ಕದು. ರಾತ್ರಿ ಕಾವಲುಗಾರರು ಬೆಳಗಿಗೆ ಕಾಯುವುದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸು ದೇವರಿಗೆ ಕಾಯುತ್ತದೆ ಅಂತ ಅದರಲ್ಲಿ ಬರುತ್ತದೆ. ಬೆಳಗಿನ ಜಾವ ನಾಲ್ಕು ಗಂಟೆಗೆ ವಾರ್ಡಿನಲ್ಲಿ ನಿದ್ದೆ ಬಾರದ ರೋಗಿಗಳು ಕೇಳುವುದು ಒಂದೇ ಪ್ರಶ್ನೆ, "ಸಿಸ್ಟರ್, ಬೆಳಗಾಯಿತಾ?" ನೋವು ಆಗ ಕಡಿಮೆ ಆಗಿರುವುದಿಲ್ಲ. ಕಿಟಕಿ ಸ್ವಲ್ಪ ಬೆಳ್ಳಗಾದರೆ ಸಾಕು, ಅವರ ಮುಖ ಬೇರೆಯೇ ಆಗುತ್ತದೆ. ಆ ಕೀರ್ತನೆ ನನಗೆ ಅರ್ಥ ಆದದ್ದು ವಾರ್ಡಿನಲ್ಲಿ.

ಇನ್ನೊಂದು. ಲೂಕನ ಶುಭಸಂದೇಶದಲ್ಲಿ ಸರಿಯಾಗಿ 24 ಅಧ್ಯಾಯ. ಡಿಸೆಂಬರ್ 1ರಿಂದ ದಿನಕ್ಕೊಂದು ಓದಿದರೆ 24ಕ್ಕೆ ಮುಗಿಯುತ್ತದೆ. ತಡವಾಗಿ ಶುರು ಮಾಡಿದರೂ ಪರವಾಗಿಲ್ಲ, ಬಿಟ್ಟದ್ದನ್ನು ಓಡಿ ಹಿಡಿಯಲು ಹೋಗಬೇಡಿ, ಆಯಾ ತಾರೀಕಿನದ್ದು ಓದಿ. ನಾನು ಡ್ಯೂಟಿ ಬಿಟ್ಟು ಬಸ್ಸಿನಲ್ಲಿ ಬರುವಾಗ ಓದುತ್ತೇನೆ, ತಲಪಾಡಿ ದಾಟುವುದರೊಳಗೆ ಹೆಚ್ಚಾಗಿ ಮುಗಿದಿರುತ್ತದೆ. ಮೊದಲ ಅಧ್ಯಾಯದಲ್ಲೇ ಜಕರೀಯ ಬರುತ್ತಾನೆ. ಯಾಜಕ, ದೇವಾಲಯದ ಒಳಗೇ ನಿಂತಿದ್ದವನು, ದೇವದೂತನ ಮಾತು ನಂಬಲಾಗದೆ ಮಾತೇ ನಿಂತುಹೋಗುತ್ತದೆ. ಮಗ ಹುಟ್ಟಿ ಹೆಸರಿಡುವವರೆಗೆ ಅವನಿಗೆ ಮಾತಿಲ್ಲ. ಆದರೂ ದೇವರು ಅವನನ್ನು ಬಿಡಲಿಲ್ಲ ಅಲ್ವಾ? ಪ್ರಾರ್ಥನೆ ಬರುವುದಿಲ್ಲ ಅಂತ ನೀವು ಬರೆದದ್ದು ಓದಿ ಅವನೇ ನೆನಪಾದ.

ಬದಿಯಡ್ಕದ ಸ್ಕೂಲ್ ಮಾಷ್ಟ್ರು

ನಮ್ಮ ಸ್ಟಾಫ್ ರೂಮಿನಲ್ಲಿ ರಾಜಪುರಂ ಕಡೆಯ, ಕೇರಳದ ಇನ್ನೊಂದು ಕಥೋಲಿಕ ಪಂಗಡವಾದ ಸಿರೋ ಮಲಬಾರ್‌ನವರು ಒಬ್ಬರು ಇದ್ದಾರೆ. ಅವರಲ್ಲಿ ಡಿಸೆಂಬರ್ ಶುರುವಾದರೆ 25 ದಿನದ ನೋಂಬು (ವ್ರತ), ಕ್ರಿಸ್ಮಸ್‌ವರೆಗೆ ಮೀನು ಮಾಂಸ ಇಲ್ಲ. ನಮಗೆ ಲ್ಯಾಟಿನ್ ಪದ್ಧತಿಯ ಕಥೋಲಿಕರಿಗೆ ಆಗಮನದಲ್ಲಿ ಅಂಥ ಕಡ್ಡಾಯ ಇಲ್ಲ. ಅವರನ್ನು ನೋಡಿ ನಾನೂ ಹಿಡಿದೆ. ಬೂತಾಯಿ ಸಾರು ಇಲ್ಲದೆ ಅನ್ನ ಇಳಿಯದ ಮನುಷ್ಯ ನಾನು. ಮಧ್ಯಾಹ್ನ ತಟ್ಟೆಯ ಎದುರು ಕೂತಾಗೆಲ್ಲ ಯಾಕೆ ಅಂತ ನೆನಪಾಗುತ್ತದೆ, ಬೇರೆ ಅಲಾರಂ ಬೇಡ. ಉಳಿದ ಮೀನಿನ ದುಡ್ಡು ನಮ್ಮ ವಾಡೆಯಲ್ಲಿ (ಇಗರ್ಜಿಯ ವಾರ್ಡು) ಹಾಸಿಗೆ ಹಿಡಿದವರ ಮನೆಗೆ ಹೋಗುತ್ತದೆ. ಕೊಡಲು ಹೋಗಿ ಅಲ್ಲಿ ಅರ್ಧ ಗಂಟೆ ಮಾತಾಡಿ ಬರುತ್ತೇನಲ್ಲ, ಆ ಅರ್ಧ ಗಂಟೆಯಲ್ಲಿ ಸಿಕ್ಕಿದಷ್ಟು ನೆಮ್ಮದಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆದರೆ ನಿಮ್ಮ ಆರೋಗ್ಯ ನೋಡಿಕೊಂಡು ಮಾಡಿ, ದುಃಖದಲ್ಲಿರುವಾಗ ಊಟ ಬಿಡುವುದು ಬೇಡ.

ಉಪ್ಪಳ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ದೇವರು ಒಳ್ಳೆಯದು ಮಾಡಲಿ. ಮಕ್ಕಳು ಗಾಳಿಮರದ ಗೆಲ್ಲು ತರಲು ಹೊರಟೇ ಬಿಟ್ಟರು. ಇನ್ನೊಂದು ಕೇಳಲಾ? ವಾಡೆಯ ಕ್ಯಾರಲ್‌ನವರು ಮನೆಗೆ ಬಂದರೆ ಎಂತ ಮಾಡುವುದು? ಡೋಲು, ಸಾಂತಾಕ್ಲಾಸ್ ಎಲ್ಲ ನನ್ನಿಂದ ತಡೆಯಲು ಆಗಲಿಕ್ಕಿಲ್ಲ. ರಾತ್ರಿ ನಿದ್ದೆಯೂ ಸರಿ ಇಲ್ಲ.

ಬೇಳ ಕಡೆಯ ನಿವೃತ್ತ ಟೀಚರ್

ವಾಡೆಯ ಮುಖಂಡರಾದ ಗುರ್ಕಾರರಿಗೆ ಇವತ್ತೇ ಒಂದು ಫೋನ್ ಮಾಡಿ. ನಮ್ಮ ವಾಡೆಯಲ್ಲಿ ಸಾವಾದ ಮನೆಗೆ ಡೋಲು ಇಲ್ಲದೆ ಹೋಗಿ, ಒಂದೇ ಹಾಡು ಮೆಲ್ಲಗೆ ಹಾಡಿ, ತೀರಿಕೊಂಡವರಿಗಾಗಿ ಪ್ರಾರ್ಥಿಸಿ ಬರುತ್ತೇವೆ. ಹೇಳಿದರೆ ಯಾರೂ ಬೇಸರ ಮಾಡುವುದಿಲ್ಲ. ನಿದ್ದೆ ವಾರಗಟ್ಟಲೆ ಬರದಿದ್ದರೆ ಡಾಕ್ಟರಿಗೆ ತೋರಿಸಿ, ಪ್ರಾರ್ಥನೆಗೂ ಔಷಧಿಗೂ ಜಗಳ ಇಲ್ಲ. ಅತ್ತೆಯ ಹೆಸರಿನಲ್ಲಿ ಒಂದು ಪೂಜೆ ಇಡಿಸುವುದಾದರೆ ಈಗಲೇ ಇಗರ್ಜಿ ಆಫೀಸಿನಲ್ಲಿ ಬರೆಸಿ, ಕ್ರಿಸ್ಮಸ್ ಹತ್ತಿರ ಬಂದಂತೆ ದಿನ ಸಿಗುವುದು ಕಷ್ಟ. ಯಾವ ದಿನ ಅಂತ ಇಲ್ಲಿ ತಿಳಿಸಿ, ಆಗುವವರು ನಾವೂ ಬರುತ್ತೇವೆ.