ಮಗುವಿಗೆ ಕಾಟ್: ಬಣ್ಣ ನೋಡುವ ಮೊದಲು ಸಂದು ಅಳೆಯಿರಿ

ಪ್ರಶ್ನೆ: ಇನ್ನು ಕೆಲವೇ ವಾರಗಳಲ್ಲಿ ಮಗು ಬರಲಿದೆ. ಮಲಗುವ ಕೋಣೆ ಚಿಕ್ಕದು, ನಮ್ಮ ಮಂಚದ ಪಕ್ಕ ಮುಕ್ಕಾಲು ಮೀಟರಿನಷ್ಟು ಜಾಗ ಉಳಿಯುತ್ತದೆ. ನೆಂಟರೊಬ್ಬರು ತಮ್ಮ ಹಳೆಯ ಮರದ ಕಾಟ್ ಕೊಡುತ್ತೇವೆ ಅನ್ನುತ್ತಿದ್ದಾರೆ. ಅದರ ಒಂದು ಬದಿ ಕೆಳಕ್ಕೆ ಜಾರುತ್ತದೆ. ತೆಗೆದುಕೊಳ್ಳಬಹುದೇ? ಹೊಸದನ್ನೇ ಕೊಳ್ಳುವುದಾದರೆ ಏನೇನು ನೋಡಬೇಕು?

ಉತ್ತರ: ಜಾರುವ ಬದಿ ಇದ್ದರೆ ಬೇಡ, ಎಷ್ಟೇ ಗಟ್ಟಿಯಾಗಿ ಕಂಡರೂ ಬೇಡ. ಆ ಬದಿ ನಿಂತಿರುವುದು ಸಣ್ಣ ಕೊಕ್ಕೆಗಳ ಮೇಲೆ, ಅವು ಎಷ್ಟೋ ಸಲ ಬರೀ ಪ್ಲಾಸ್ಟಿಕ್. ದಿನಾ ಏರಿಸಿ ಇಳಿಸಿ ಅವು ಸವೆಯುತ್ತವೆ, ಒಂದು ಮೂಲೆ ಕಳಚಿಕೊಳ್ಳುತ್ತದೆ. ಬದಿ ಪೂರ್ತಿ ಬೀಳುವುದಿಲ್ಲ, ಓರೆಯಾಗಿ ನೇತಾಡುತ್ತದೆ. ಅಪಾಯ ಇರುವುದೇ ಅಲ್ಲಿ: ಹಾಸಿಗೆಗೂ ಬದಿಗೂ ನಡುವೆ ತೆರೆದ ಸಂದಿಗೆ ಮಗು ಉರುಳಿ ಸಿಕ್ಕಿಬೀಳುತ್ತದೆ. ಅಮೆರಿಕದಲ್ಲಿ 2011ರ ಜೂನ್‌ನಿಂದ ಇಂಥ ಕಾಟ್‌ಗಳನ್ನು ತಯಾರಿಸುವುದೂ ಮಾರುವುದೂ ನಿಷಿದ್ಧ. ಮೊಳೆ ಹೊಡೆದು ಬಿಗಿ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಮೊಳೆ ತೆಳು ಮರವನ್ನು ಸೀಳುತ್ತದೆ, ಮಗು ಹಿಡಿದು ಅಲ್ಲಾಡಿಸಿದಂತೆ ಸಡಿಲವೂ ಆಗುತ್ತದೆ.

ಇನ್ನೊಬ್ಬರು: ಹಳೆಯದೆಲ್ಲ ಬೇಡ ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾಲ್ಕೂ ಬದಿ ಸ್ಥಿರವಾಗಿದ್ದು, ಕಂಪನಿಯ ಮೂಲ ಬೋಲ್ಟುಗಳೆಲ್ಲ ಇದ್ದು, ಜೋಡಣೆಯ ಪುಸ್ತಿಕೆಯೂ ಸಿಕ್ಕರೆ ಪರಿಶೀಲಿಸಿ ಬಳಸಬಹುದು. ಒಂದು ಬೋಲ್ಟ್ ಕಳೆದಿದೆ, ಅಂಗಡಿಯಿಂದ ಅಂಥದ್ದೇ ತಂದು ಹಾಕಿದ್ದೇವೆ ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಉದ್ದ ಒಂದಿಷ್ಟು ಕಡಿಮೆಯಾದರೂ ಬೋಲ್ಟಿನ ಸುರುಳಿ ಎಳೆ ಪೂರ್ತಿ ಹಿಡಿಯದೆ ಭಾರ ಬಿದ್ದಾಗ ಕಿತ್ತು ಬರುತ್ತದೆ. ಹಳೆಯ ಬಣ್ಣ ಸಿಪ್ಪೆ ಏಳುತ್ತಿದ್ದರೂ ಬೇಡ. ಅದರಲ್ಲಿ ಸೀಸ ಇರಬಹುದು. ಹಲ್ಲು ಬರುವ ಹೊತ್ತಿಗೆ ಮಗು ಮೇಲಂಚನ್ನು ಕಚ್ಚದೆ ಬಿಡುವುದಿಲ್ಲ. ಮನೆಯಲ್ಲೇ ಉಜ್ಜಿ ಹೊಸ ಬಣ್ಣ ಹೊಡೆಯಲು ಹೋದರೆ ಸೀಸದ ಧೂಳನ್ನು ಮನೆ ತುಂಬ ಹರಡಿದಂತಾಗುತ್ತದೆ.

ಮರಗೆಲಸ ಬಲ್ಲವರು: ಅಂಗಡಿಗೆ ಹೋಗುವಾಗ ಅಳತೆ ಟೇಪ್ ಜೇಬಿನಲ್ಲಿರಲಿ. ಮೊದಲು ಸರಳುಗಳ ನಡುವಿನ ಅಂತರ ಅಳೆಯಿರಿ. ಅಮೆರಿಕದ ನಿಯಮದಲ್ಲಿ ಹೆಚ್ಚೆಂದರೆ 6 ಸೆಂ.ಮೀ., ಯುರೋಪಿನಲ್ಲಿ 4.5ರಿಂದ 6.5 ಸೆಂ.ಮೀ. ಈ ಲೆಕ್ಕದ ಹಿಂದೆ ಕಾರಣವಿದೆ. ಎಳೆಯ ಮಗುವಿನ ಸೊಂಟ ತಲೆಗಿಂತ ಕಿರಿದು. ಸಂದು ಅಗಲವಾಗಿದ್ದರೆ ಕಾಲು, ಸೊಂಟ, ಎದೆ ಎಲ್ಲ ಹೊರಕ್ಕೆ ಜಾರಿ ತಲೆ ಮಾತ್ರ ಒಳಗೆ ಸಿಕ್ಕಿಕೊಳ್ಳುತ್ತದೆ, ಮೈಭಾರವೆಲ್ಲ ಕುತ್ತಿಗೆಯ ಮೇಲೆ ಬೀಳುತ್ತದೆ. ಟೇಪ್ ಇಲ್ಲದಿದ್ದರೆ ಸಾಮಾನ್ಯ ಗಾತ್ರದ ತಂಪು ಪಾನೀಯದ ಡಬ್ಬಿ ಸಾಕು, ಅದು ಸರಳುಗಳ ನಡುವೆ ತೂರಬಾರದು.

ಆಮೇಲೆ ಒಂದೊಂದೇ ಸರಳನ್ನು ಹಿಡಿದು ತಿರುಚಿ ನೋಡಿ. ಗಿರ್ರನೆ ತಿರುಗಿದರೆ ಅಂಟು ಬಿಟ್ಟಿದೆ ಎಂದರ್ಥ. ಮೂಲೆಯ ಕಂಬಗಳು ಮೇಲಂಚಿಗೆ ಸಮವಾಗಿರಬೇಕು; ಗುಬುಟು ಎದ್ದಿದ್ದರೆ ಅಂಗಿಯ ಕತ್ತಿನಪಟ್ಟಿ ಅದಕ್ಕೆ ಸಿಕ್ಕಿ ಬಿಗಿಯುತ್ತದೆ. ತಲೆದಿಸೆಯ ಹಲಗೆಯಲ್ಲಿ ಚಂದ್ರ, ನಕ್ಷತ್ರ ಅಂತ ಕೊರೆದ ರಂಧ್ರಗಳಿರುವ ಕಾಟ್ ಕೂಡ ನನಗೆ ಸರಿಬರುವುದಿಲ್ಲ. ಚಂದ ಕಾಣುತ್ತದೆ, ಕೈ ತೂರಿದರೆ ಹೊರಗೆ ಬರುವುದಿಲ್ಲ. ಬದಿಗೆ ಅಡ್ಡಪಟ್ಟಿಗಳಿದ್ದರೆ ಒಂದು ವರ್ಷದ ಹೊತ್ತಿಗೆ ಅವೇ ಏಣಿ.

ಇನ್ನೊಬ್ಬರು: ಹಾಸಿಗೆಯನ್ನು ಬೇರೆ ಕಡೆ ಕೊಳ್ಳುವವರು ಎಡವುವುದು ಅಳತೆಯಲ್ಲಿ. ಕಾಟ್‌ನ ಒಳಗಿನ ಉದ್ದ, ಅಗಲವನ್ನೇ ಅಳೆದು ಕೊಳ್ಳಿ. ಯುರೋಪಿನ ಅಳತೆಯಲ್ಲಿ 120×60 ಮತ್ತು 140×70 ಸೆಂ.ಮೀ. ಸಾಮಾನ್ಯ, ಅಮೆರಿಕದ್ದು ಹೆಚ್ಚುಕಡಿಮೆ 131×69. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಹಾಸಿಗೆ ಇಟ್ಟ ಮೇಲೆ ಅಂಚಿಗೂ ಬದಿಗೂ ನಡುವೆ ಎರಡು ಬೆರಳು ಸಲೀಸಾಗಿ ಹೋದರೆ ಅದು ಚಿಕ್ಕದಾಯಿತು. ಆ ಸಂದಿಗೆ ಬಟ್ಟೆ ಸುತ್ತಿ ತುರುಕುವುದು ಪರಿಹಾರವಲ್ಲ.

ದಪ್ಪ ಹಾಸಿಗೆ ಒಳ್ಳೆಯದು ಅನ್ನುವುದೂ ತಪ್ಪು. ದಪ್ಪ ಹೆಚ್ಚಿದಷ್ಟೂ ಬದಿಯ ಎತ್ತರ ಕಡಿಮೆಯಾಗುತ್ತದೆ. ತಳವನ್ನು ಪೂರ್ತಿ ಇಳಿಸಿದಾಗ ಹಾಸಿಗೆಯ ಮೇಲ್ಮೈಯಿಂದ ಮೇಲಂಚಿಗೆ 50 ಸೆಂ.ಮೀ. ಉಳಿಯಬೇಕು. 10 ಸೆಂ.ಮೀ. ದಪ್ಪ ಧಾರಾಳ ಸಾಕು, 15 ದಾಟಲೇಬಾರದು. ಅಂಗೈ ಒತ್ತಿ ತೆಗೆದರೆ ಕೂಡಲೇ ಮಟ್ಟಕ್ಕೆ ಬರಬೇಕು, ಕೈಯ ಅಚ್ಚು ಉಳಿಯಬಾರದು. ಮೆತ್ತಗಿದ್ದರೆ ಮಗು ಬೋರಲಾದಾಗ ಮುಖ ಹೂತು ಉಸಿರು ಕಟ್ಟುತ್ತದೆ. ಕೈಗೆ ಇದು ಕಲ್ಲಿನಂತಿದೆ ಅನ್ನಿಸಿದರೆ ಸರಿಯಾದದ್ದನ್ನೇ ಆರಿಸಿದ್ದೀರಿ. ಸುತ್ತಿ ಬಂದ ಪ್ಲಾಸ್ಟಿಕ್ ಹಾಳೆಯನ್ನು ‘ಒದ್ದೆಯಾಗದಿರಲಿ’ ಎಂದು ಬಿಡಬೇಡಿ, ಕಿತ್ತು ಎಸೆಯಿರಿ.

ಕೇಳಿದವರು: ಬದಿ ಇಳಿಯದಿದ್ದರೆ ರಾತ್ರಿ ಹತ್ತು ಸಲ ಬಗ್ಗಿ ಎತ್ತುವುದು ಹೇಗೆ? ಮತ್ತೆ ಜಾಗದ ಲೆಕ್ಕ?

ಉತ್ತರ: ತಳವನ್ನು ಎರಡು ಮೂರು ಎತ್ತರಗಳಲ್ಲಿ ಕೂರಿಸಬಹುದಾದ ಕಾಟ್ ಕೊಳ್ಳಿ. ಮೊದಲ ತಿಂಗಳುಗಳಲ್ಲಿ ತಳ ಮೇಲಿರುವುದರಿಂದ ಹೆಚ್ಚು ಬಗ್ಗಬೇಕಾಗಿಲ್ಲ. ಮಗು ಎದ್ದು ಕೂರಲು ಹವಣಿಸುವಾಗ ಒಂದು ಮೆಟ್ಟಿಲು ಇಳಿಸಿ, ಹಿಡಿದು ನಿಲ್ಲುವ ಮೊದಲೇ ಕೊನೆಯ ಮೆಟ್ಟಿಲಿಗೆ ಇಳಿಸಿಬಿಡಿ. ನಿಂತ ಮೇಲೆ ಇಳಿಸೋಣ ಎಂದು ಕಾದರೆ ತಡವಾಗುತ್ತದೆ, ನಿಲ್ಲುವುದನ್ನು ಮಗು ಹೇಳಿ ಕಲಿಯುವುದಿಲ್ಲ.

ನಿಮ್ಮ ಜಾಗಕ್ಕೆ 140×70 ಆಗದು, ಹೊರಚೌಕಟ್ಟು ಸೇರಿದರೆ ಮುಕ್ಕಾಲು ಮೀಟರ್ ಅಲ್ಲಿಗೇ ಮುಗಿಯಿತು. 120×60 ಹಿಡಿಯುತ್ತದೆ. ಜೋಡಣೆ ಮಲಗುವ ಕೋಣೆಯಲ್ಲೇ ನಡೆಯಲಿ, ಜೋಡಿಸಿದ ಕಾಟ್ ಎಷ್ಟೋ ಬಾಗಿಲುಗಳಲ್ಲಿ ತೂರುವುದಿಲ್ಲ. ಚಕ್ರ ಇದ್ದರೆ ಕನಿಷ್ಠ ಎರಡಕ್ಕೆ ಬ್ರೇಕ್ ಬೇಕು. ಕಿಟಕಿಯ ಪಕ್ಕ ಮಾತ್ರ ಇಡಬೇಡಿ: ಪರದೆಯ ದಾರ ಕೈಗೆಟುಕಿದರೆ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ.

ಇನ್ನೊಬ್ಬರು: ಮಡಚುವ ಬಲೆಯ ಕಾಟ್ ಕೂಡ ಜಾಗ ಉಳಿಸುತ್ತದೆ. ಅದರ ಜೊತೆ ಬರುವ ಹಾಸಿಗೆ ತೆಳ್ಳಗಿದೆ ಎಂದು ಮೇಲೊಂದು ಹಾಕಬೇಡಿ. ಬಲೆಯ ಗೋಡೆ ಹೊರಕ್ಕೆ ಹಿಗ್ಗುತ್ತದೆ, ಹೆಚ್ಚುವರಿ ಹಾಸಿಗೆಗೂ ಬಲೆಗೂ ನಡುವೆ ಜೇಬಿನಂಥ ಸಂದು ಹುಟ್ಟುತ್ತದೆ. ನಾಲ್ಕೂ ಮೇಲಂಚುಗಳು ಟಕ್ಕೆಂದು ಬಿಗಿದಿವೆಯೇ ಎಂದು ಪ್ರತಿ ಸಲ ಒತ್ತಿ ನೋಡಿ. ಅರ್ಧ ಬಿಗಿದದ್ದು ಮಗು ಒರಗಿದಾಗ ಆಂಗ್ಲ ವಿ ಅಕ್ಷರದಂತೆ ಕುಸಿಯುತ್ತದೆ.

ಮರಗೆಲಸ ಬಲ್ಲವರು: ಜೋಡಿಸುವಾಗ ಎಲ್ಲ ಬೋಲ್ಟುಗಳನ್ನು ಮೊದಲು ಬೆರಳಲ್ಲಷ್ಟೇ ತಿರುಗಿಸಿ ಕೂರಿಸಿ, ಚೌಕಟ್ಟು ಚೌಕವಾಗಿ ನಿಂತ ಮೇಲೆ ಆಲನ್ ಕೀಲಿಯಿಂದ (ಆರು ಮೂಲೆಯ ಬಾಗಿದ ಕಡ್ಡಿ) ಬಿಗಿಯಿರಿ. ಒಂದು ಮೂಲೆಯನ್ನು ಮೊದಲೇ ಪೂರ್ತಿ ಬಿಗಿದರೆ ಎದುರು ಮೂಲೆಯ ರಂಧ್ರ ಕೂಡಿಬರುವುದಿಲ್ಲ, ಬಲವಂತ ಮಾಡಿದರೆ ಎಳೆ ಹಾಳು. ಎರಡು ಮೂರು ವಾರ ಕಳೆದ ಮೇಲೆ ಇನ್ನೊಮ್ಮೆ ಬಿಗಿ ನೋಡಿ. ಮರದೊಳಗೆ ಲೋಹದ ನಟ್ ಇರುವಂಥದ್ದನ್ನೇ ಆರಿಸಿ. ನೇರ ಮರಕ್ಕೇ ಸ್ಕ್ರೂ ಹಾಕಿದ್ದು ಒಂದೆರಡು ಸಲ ಬಿಚ್ಚಿ ಜೋಡಿಸುವಷ್ಟರಲ್ಲಿ ಹಿಡಿತ ಕಳೆದುಕೊಳ್ಳುತ್ತದೆ.

ಉತ್ತರ: ಒಳಗೆ ಏನಿಡಬೇಕೆಂದು ನೀವು ಕೇಳಿಲ್ಲ, ಆದರೂ. ಬಿಗಿಯಾಗಿ ಕೂರುವ ಒಂದು ಹೊದಿಕೆ, ಅಂಗಾತ ಮಲಗಿದ ಮಗು, ಅಷ್ಟೆ. ದಿಂಬು, ರಜಾಯಿ, ಮೆತ್ತನೆಯ ಗೊಂಬೆ ಬೇಡ. ಸುತ್ತ ಕಟ್ಟುವ ಬಂಪರ್ ದಿಂಬನ್ನು ಸೆಟ್‌ನಲ್ಲಿ ಕೊಟ್ಟರೂ ಕಟ್ಟಬೇಡಿ. ಅಮೆರಿಕ 2022ರಲ್ಲಿ ಅದನ್ನೂ ನಿಷೇಧಿಸಿತು. ಸೊಳ್ಳೆಪರದೆ ಬೇಕಾದರೆ ಕಾಟ್‌ನ ಹೊರಗಿನಿಂದ ಬಿಗಿಯಾಗಿ ಇಳಿಬಿಡಿ, ಒಳಗೆ ಜೋಲಬಾರದು. ಮೇಲೆ ತೂಗುವ ಆಟಿಕೆಯನ್ನು ಮಗು ಕೈ ಊರಿ ಏಳತೊಡಗಿದ ದಿನವೇ ತೆಗೆಯಿರಿ. ಮಗುವಿನ ಎತ್ತರ 90 ಸೆಂ.ಮೀ. ಮುಟ್ಟಿದರೆ, ಇಲ್ಲವೇ ಅದಕ್ಕೂ ಮೊದಲೇ ಬದಿ ಹತ್ತಲು ಕಾಲೆತ್ತಿದರೆ, ಕಾಟ್ ಬಿಟ್ಟು ತಗ್ಗಿನ ಹಾಸಿಗೆಗೆ ಬದಲಾಯಿಸಿ.