ವಿನೈಲ್ ಗೊಂಬೆ ಅಂಟುತ್ತಿದೆ, ಏನು ಮಾಡಲಿ?

ಪ್ರಶ್ನೆ (ರಾಜಾಜಿನಗರದ ಸದಸ್ಯರು): ನಮಸ್ಕಾರ ಮೇಡಂ. ನೀವು ಕಲಾವಸ್ತುಗಳ ಸಂರಕ್ಷಣೆ ಮಾಡುವವರು ಅಂತ ಕೇಳುತ್ತಿದ್ದೇನೆ. ನನ್ನ ಹತ್ತಿರ ಒಂದಷ್ಟು ಡಿಸೈನರ್ ಟಾಯ್‌ಗಳಿವೆ, ಅಂದರೆ ಕಲಾವಿದರು ರೂಪಿಸಿದ, ಸಂಗ್ರಹಿಸಿಡುವ ಗೊಂಬೆಗಳು. ಮನೆ ಬದಲಾಯಿಸುವಾಗ ಪ್ಯಾಕಿಂಗ್‌ನವರು ಕೆಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿದ್ದರು. ಬೇಸಿಗೆಯೆಲ್ಲ ಅಟ್ಟದಲ್ಲೇ ಇದ್ದವು. ಈಗ ನೋಡಿದರೆ ಡನ್ನಿ ಅನ್ನುವ ಮೊಲದ ಕಿವಿಯ ವಿನೈಲ್ ಗೊಂಬೆಯ ಮೈಯೆಲ್ಲ ಜಿಗುಟು. ಕವರಿನಿಂದ ಹೊರಬಂದಿದ್ದ ಕಿವಿಗೆ ಥರ್ಮೋಕೋಲ್ ಕಾಳು ಕಚ್ಚಿಕೊಂಡಿವೆ. ಶೋಕೇಸಿನಲ್ಲಿದ್ದ ಬಿಳಿ ಬೇರ್‌ಬ್ರಿಕ್ (ಕರಡಿ ಆಕಾರದ ಗೊಂಬೆ) ಕಿಟಕಿ ಕಡೆಯ ಮಗ್ಗುಲಲ್ಲಿ ಹಳದಿಯಾಗಿದೆ. ಸ್ಪಿರಿಟ್‌ನಲ್ಲಿ ಒರೆಸಲಾ?

ಉತ್ತರ: ಸ್ಪಿರಿಟ್ ಬೇಡ, ಥಿನ್ನರ್ ಅಂತೂ ಬೇಡವೇ ಬೇಡ. ಗೊಂಬೆಯ ಬಣ್ಣ ಬಟ್ಟೆಗೆ ಬಂದುಬಿಡಬಹುದು. ಆ ಕಣ್ಣು, ಆ ಗೆರೆ ಹೋದರೆ ಕಲಾವಿದರ ಕೆಲಸವೇ ಹೋದ ಹಾಗೆ.

ಈ ಜಿಗುಟು ಹೊರಗಿನ ಕೊಳೆಯಲ್ಲ, ಒಳಗಿನಿಂದ ಬಂದದ್ದು. ವಿನೈಲ್ ಅಂದರೆ ಪಿವಿಸಿ. ಅದು ಸಹಜವಾಗಿ ಗಟ್ಟಿ ಪದಾರ್ಥ, ನಮ್ಮ ಮನೆಯ ನೀರಿನ ಪೈಪೂ ಅದರದ್ದೇ ಅಲ್ವಾ. ಮೆದುವಾಗಲಿ ಅಂತ ಗೊಂಬೆಗೆ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ ಬೆರೆಸುತ್ತಾರೆ. ವರ್ಷ ಕಳೆದಂತೆ ಅದು ಮೇಲಕ್ಕೆ ಜಿನುಗುತ್ತದೆ. ಬಿಸಿ ಜಾಸ್ತಿಯಾದಷ್ಟೂ ಬೇಗ ಜಿನುಗುತ್ತದೆ. ತಾರಸಿ ಕೆಳಗಿನ ಅಟ್ಟ ಏಪ್ರಿಲ್‌ನಲ್ಲಿ ಹೇಗೆ ಕಾಯುತ್ತೆ ಅಂತ ನಿಮಗೇ ಗೊತ್ತು. ಅದರ ಮೇಲೆ ಬಿಗಿ ಕವರ್ ಬೇರೆ. ಜಿನುಗಿದ್ದೆಲ್ಲ ಗೊಂಬೆ ಮೈಮೇಲೇ ಉಳಿಯಿತು. ಥರ್ಮೋಕೋಲ್ ಪಾಲಿಸ್ಟೈರೀನ್‌ನದ್ದು. ಈ ದ್ರವ ತಾಗಿದರೆ ಅದು ಮೆತ್ತಗಾಗಿ ಅಂಟಿಕೊಳ್ಳುತ್ತದೆ. ನಿಮ್ಮ ಡನ್ನಿಯ ಕಿವಿಗೆ ಆಗಿರುವುದು ಇದೇ.

ಕಾಳುಗಳನ್ನು ಉಗುರಿನಿಂದ ಕೆರೆಯಬೇಡಿ. ಒಂದು ಬಟ್ಟಲು ತಣ್ಣೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಹತ್ತಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಮೊದಲು ಪಾದದ ಕೆಳಗೆ ಒರೆಸಿ ನೋಡಿ. ಬಣ್ಣ ಬಿಡದಿದ್ದರೆ ಮುಂದುವರಿಯಿರಿ. ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಕೆಲವು ತಿಂಗಳಾದ ಮೇಲೆ ಜಿಗುಟು ಮತ್ತೆ ಬರಬಹುದು, ಗಾಬರಿ ಬೇಡ, ಹೀಗೇ ಒರೆಸಿ. ಅಟ್ಟಕ್ಕೆ ಮಾತ್ರ ವಾಪಸ್ ಕಳಿಸಬೇಡಿ. ಬಿಸಿಲು ಬೀಳದ ಗೋಡೆಯ ಶೆಲ್ಫ್‌ನಲ್ಲಿ, ಒಂದಕ್ಕೊಂದು ತಾಗದಂತೆ, ಗಾಳಿಯಾಡುವ ಹಾಗೆ ಇಡಿ. ಡಬ್ಬಿ ಬಿಚ್ಚದಿದ್ದರೆ ಬೆಲೆ ಉಳಿಯುತ್ತೆ ಅಂತ ಎಷ್ಟೋ ಜನ ಸೀಲ್ ಸಮೇತ ಎತ್ತಿಡುತ್ತಾರೆ. ಡಬ್ಬಿ ಹೊಸದಾಗೇ ಉಳಿಯುತ್ತದೆ, ಒಳಗಿನ ಗೊಂಬೆ ಹಾಳಾಗುತ್ತಿರುತ್ತದೆ. ಡಿಸೈನರ್ ಟಾಯ್ ಎಂಬ ಈ ಕಲಾಪ್ರಕಾರಕ್ಕೆ ಇನ್ನೂ ಚಿಕ್ಕ ವಯಸ್ಸು. ಇದರ ಮೊದಲಿಗರಲ್ಲಿ ಒಬ್ಬರಾದ ಹಾಂಗ್‌ಕಾಂಗ್‌ನ ಕಲಾವಿದ ಮೈಕೆಲ್ ಲಾವ್ ಅವರ ಗಾರ್ಡನರ್ ಗೊಂಬೆಗಳು ಬಂದದ್ದೇ 1999ರಲ್ಲಿ. ಮುಂದಿನವರು ಇವನ್ನು ನೋಡಬೇಕಾದರೆ ಈಗ ಇಟ್ಟುಕೊಂಡಿರುವ ನಾವೇ ಕಾಪಾಡಬೇಕು.

ಬೇರ್‌ಬ್ರಿಕ್ ಕತೆ ಬೇರೆ. ಅದು ಹೆಚ್ಚಾಗಿ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್. ಜಿಗುಟಾಗುವುದಿಲ್ಲ, ಬಿಸಿಲಿಗೆ ಹಳದಿಯಾಗುತ್ತದೆ. ಜಾಗ ಬದಲಿಸಿ, ಸದ್ಯಕ್ಕೆ ಅಷ್ಟು ಸಾಕು.

ಪ್ರಶ್ನೆ (ಅದೇ ಸದಸ್ಯರು): ಪೆರಾಕ್ಸೈಡ್ ಹಚ್ಚಿದರೆ ಬಿಳಿಯಾಗುತ್ತೆ ಅಂತಾರಲ್ಲ ಮೇಡಂ?

ಉತ್ತರ: ಬಣ್ಣವಿಲ್ಲದ ಹಳೆ ಕಂಪ್ಯೂಟರ್ ಕೀಬೋರ್ಡಿಗೆ ಹಾಗೆ ಮಾಡುತ್ತಾರೆ. ಅಲ್ಲೂ ಹಳದಿ ಮತ್ತೆ ಬರುವುದುಂಟು. ಚಿತ್ರ ಮೂಡಿಸಿರುವ ಗೊಂಬೆಗೆ ನಾನು ಹಚ್ಚುವುದಿಲ್ಲ.

ಪ್ರಶ್ನೆ (ಜಯನಗರದ ಸದಸ್ಯರು): ಮಗಳಿಗೆ ಲಬೂಬು ಅನ್ನುವ ತುಪ್ಪಳದ ಗೊಂಬೆ ತಂದೆ. ಒಂದು ಥರಾ ಘಾಟು ವಾಸನೆ. ನಕಲಿ ಇರಬಹುದಾ ಮೇಡಂ?

ಉತ್ತರ: ಮೊದಲು ಹಲ್ಲು ಎಣಿಸಿ, ಅಸಲಿ ಗೊಂಬೆಗೆ ಒಂಬತ್ತು. ಅದೊಂದನ್ನೇ ನಂಬಬೇಡಿ, ನಕಲಿ ಮಾಡುವವರಿಗೂ ಆ ಲೆಕ್ಕ ಗೊತ್ತು. ಮುಖ ತುಪ್ಪಳಕ್ಕೆ ಸೇರುವ ಅಂಚು ನೋಡಿ. ಅಲ್ಲಿ ಅಂಟು ಕಾಣುತ್ತಿದ್ದರೆ, ಕಣ್ಣಿನ ಬಣ್ಣ ಗೆರೆ ದಾಟಿದ್ದರೆ ಅನುಮಾನಪಡಿ. ಡಬ್ಬಿಯ ಮೇಲಿನ ಕ್ಯೂಆರ್ ಸ್ಟಿಕ್ಕರ್ ಕೆರೆದು, ಲಬೂಬು ಮಾರುವ ಪಾಪ್ ಮಾರ್ಟ್ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲೇ ಪರೀಕ್ಷಿಸಿ. ವಿಳಾಸದ ಒಂದೊಂದು ಅಕ್ಷರವನ್ನೂ ನೋಡಿ, ಹಾಗೇ ಕಾಣುವ ಕಳ್ಳ ಪುಟಗಳಿರುತ್ತವೆ. ಇಷ್ಟಾದ ಮೇಲೂ ಘಾಟು ಹೋಗದಿದ್ದರೆ, ಅಸಲಿಯೋ ನಕಲಿಯೋ, ಚಿಕ್ಕ ಮಗು ಬಾಯಿಗೆ ಹಾಕುವ ಮನೆಯಲ್ಲಿ ಇಡಬೇಡಿ.